ಗ್ಯಾಪ್ ಅಪ್ ಆದ ಷೇರಿನಲ್ಲಿ ಇಂಟ್ರಾಡೇ ಮಾಡುವುದು ಹೇಗೆ?

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆ ಅಂಗಳದಲ್ಲಿ ಮಲ್ಲಿಗೆ ಗಿಡಗಳಿವೆ. ಅಮ್ಮ ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಕಟ್ಟಿ, ಶಂಕರಪುರಕ್ಕೆ ಕಳಿಸುತ್ತಾರೆ. ಅವತ್ತಿನ ದರ ಗೊತ್ತಾಗುವುದು ಆಮೇಲೆ. ನಿನ್ನೆ ಅಟ್ಟೆಗೆ (ನಮ್ಮಲ್ಲಿ ಮಲ್ಲಿಗೆ ಮಾರುವ ಅಳತೆ) 400 ಇದ್ದದ್ದು, ಇವತ್ತು ಮುಹೂರ್ತ ಜಾಸ್ತಿ ಇದ್ದರೆ 900 ಆದರೂ ಆಯಿತು. ನಡುವೆ 500, 600, 700 ಎಂಬ ಮೆಟ್ಟಿಲು ಇರುವುದಿಲ್ಲ. ರಾತ್ರಿ ಕಳೆಯುವುದರೊಳಗೆ ದರ ಹಾರಿ ಕೂತಿರುತ್ತದೆ.

ಷೇರಿನ ಗ್ಯಾಪ್ ಅಪ್ ಕೂಡ ಇದೇ. ನಿನ್ನೆ ಮಧ್ಯಾಹ್ನ 3:30ಕ್ಕೆ 412ರಲ್ಲಿ ಮುಗಿದ ಷೇರು ಇವತ್ತು 9:15ಕ್ಕೆ 427ರಲ್ಲಿ ತೆರೆಯುತ್ತದೆ. ನಡುವಿನ 15 ರೂಪಾಯಿಯಲ್ಲಿ ಒಂದೇ ಒಂದು ವ್ಯವಹಾರ ಆಗಿರುವುದಿಲ್ಲ. ಆ 15 ರೂಪಾಯಿ ಲಾಭ ಯಾರದು? ಮೊಗ್ಗು ಯಾರ ಅಂಗಳದಲ್ಲಿತ್ತೋ ಅವರದು, ಅಂದರೆ ನಿನ್ನೆಯೇ ಷೇರು ಇಟ್ಟುಕೊಂಡವರದು. 427ಕ್ಕೆ ಕೊಂಡು ಇವತ್ತೇ ಮಾರುತ್ತೇನೆ ಎನ್ನುವ, ಅಂದರೆ ಇಂಟ್ರಾಡೇ ಮಾಡುವ ನಮಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ನಮ್ಮ ವ್ಯಾಪಾರ ಶುರುವಾಗುವುದು ಗ್ಯಾಪ್ ಮುಗಿದ ಮೇಲೆ. ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಇದು ತಿಳಿಯದೆ ನಾನು ಶುರುವಿನಲ್ಲೇ ಪೆಟ್ಟು ತಿಂದಿದ್ದೇನೆ. 2021ರಲ್ಲಿ ಒಂದು ಬೆಳಗ್ಗೆ ಪರದೆಯಲ್ಲಿ 268 ತೋರಿಸುತ್ತಿದ್ದ ಷೇರಿಗೆ 9:15ಕ್ಕೆ ಸರಿಯಾಗಿ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕಿದ ದರಕ್ಕೆ ಕೊಳ್ಳುವ ಆರ್ಡರ್, ಒತ್ತಿದೆ. 300 ಷೇರು. ಸಿಕ್ಕಿದ ದರ 271.40. ನಾಲ್ಕು ನಿಮಿಷದಲ್ಲಿ 263ಕ್ಕೆ ಬಂತು. ಸ್ಟಾಪ್‌ಲಾಸ್ ಹಾಕಿರಲಿಲ್ಲ, ಅಂದರೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರನ್ನು ಮೊದಲೇ ಕೊಟ್ಟಿರಲಿಲ್ಲ. ಮೇಲೆ ಬರುತ್ತದೆ, ಬರುತ್ತದೆ ಎಂದು ಕಾದು ಕೂತೆ. ಕೊನೆಗೆ ಬ್ರೋಕರ್ ವ್ಯವಸ್ಥೆಯೇ 258ಕ್ಕೆ ಮಾರಿ ಮುಗಿಸಿತು. 4,020 ರೂಪಾಯಿ ಹೋಯಿತು. ಇವತ್ತು ನಾನು ಪಾಲಿಸುವ ಒಂದೊಂದು ನಿಯಮವೂ ಆ ಬೆಳಗ್ಗೆ ನಾನು ಮಾಡದೇ ಇದ್ದ ಕೆಲಸ.

ಶುರು ಮಾಡುವ ಮೊದಲು ಒಂದು ಅಂಕಿ ನೋಡಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಜುಲೈಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2022–23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಸಾಮಾನ್ಯ ಜನರಲ್ಲಿ ಹತ್ತಕ್ಕೆ ಏಳು ಮಂದಿ ನಷ್ಟದಲ್ಲಿದ್ದರು. 30 ವರ್ಷದೊಳಗಿನವರಲ್ಲಿ ನಷ್ಟವಾದವರು ಶೇ. 76. ವರ್ಷಕ್ಕೆ 500ಕ್ಕಿಂತ ಜಾಸ್ತಿ ಸಲ ಕೊಂಡು ಮಾರಿದವರಲ್ಲಿ ಶೇ. 80. ಜಾಸ್ತಿ ಮಾಡಿದಷ್ಟೂ ಜಾಸ್ತಿ ಕಳೆದುಕೊಂಡಿದ್ದಾರೆ, ಅಲ್ವಾ? ಹಾಗಾಗಿ ಇಲ್ಲಿರುವ ಹೆಚ್ಚಿನ ಮಾತುಗಳು ಯಾವಾಗ ಕೊಳ್ಳಬಾರದು ಎಂಬುದರ ಬಗ್ಗೆಯೇ ಇವೆ.

ಹಣದ ಲೆಕ್ಕ ಮೊದಲು

ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇಲ್ಲೇ. ಎಷ್ಟೋ ಮನೆಗಳಲ್ಲಿ ಅಜ್ಜ ತೆಗೆದಿಟ್ಟ ಬ್ಯಾಂಕ್ ಷೇರು ಇವತ್ತಿಗೂ ಡಿಮ್ಯಾಟ್ ಖಾತೆಯಲ್ಲಿ ಸುಮ್ನೆ ಕೂತಿದೆ. ಆ ಷೇರನ್ನು ಅಡವಿಟ್ಟು ಮಾರ್ಜಿನ್ (ವ್ಯವಹಾರಕ್ಕೆ ಬೇಕಾದ ಮುಂಗಡ) ಪಡೆಯಬಹುದು ಎಂದು ಆ್ಯಪ್ ಹೇಳುತ್ತದೆ. ದಯವಿಟ್ಟು ಮುಟ್ಟಬೇಡಿ. ಇಂಟ್ರಾಡೇಗೆ ಬೇರೆಯೇ ಹಣ ಇಡಿ. ಪೂರ್ತಿ ಹೋದರೂ ಮಕ್ಕಳ ಫೀಸಿಗೆ, ಮನೆ ಕಂತಿಗೆ ತೊಂದರೆ ಆಗದಷ್ಟು ಮಾತ್ರ.

ಆ ಹಣ 80,000 ಎಂದುಕೊಳ್ಳಿ. ಒಂದು ವ್ಯವಹಾರದಲ್ಲಿ ಕಳೆದುಕೊಳ್ಳಬಹುದಾದ ಗರಿಷ್ಠ ಮೊತ್ತ ಅದರ ಶೇ. 1, ಅಂದರೆ 800 ರೂಪಾಯಿ. ಇದನ್ನು ಬೆಳಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಕಾಗದದಲ್ಲಿ ಬರೆಯಬೇಕು. ದಿನಕ್ಕೆ ಎರಡು ಸಲ ನಷ್ಟವಾದರೆ ಆ ದಿನ ಆ್ಯಪ್ ಮುಚ್ಚಬೇಕು.

ಇಂಟ್ರಾಡೇಯಲ್ಲಿ ಷೇರಿನ ಬೆಲೆಯ ಶೇ. 20ರಷ್ಟು ಹಣವಿದ್ದರೂ ಕೊಳ್ಳಲು ಬಿಡುತ್ತಾರೆ. ಐದು ಪಟ್ಟು. 80,000ಕ್ಕೆ 4 ಲಕ್ಷದ ಷೇರು! ಈ ಸೌಲಭ್ಯವೇ ಜಾಸ್ತಿ ಜನರನ್ನು ಮುಳುಗಿಸುವುದು. 432ರ ಷೇರನ್ನು 4 ಲಕ್ಷಕ್ಕೆ ಕೊಂಡರೆ 925 ಷೇರು ಬರುತ್ತದೆ. ಅದು 8 ರೂಪಾಯಿ ಇಳಿದರೆ 7,400 ಹೋಯಿತು. ಬಂಡವಾಳದ ಶೇ. 9ಕ್ಕಿಂತ ಜಾಸ್ತಿ, ಅದೂ ಕೆಲವೇ ನಿಮಿಷಗಳಲ್ಲಿ.

ಹಿಂದಿನ ಸಂಜೆ

ಗ್ಯಾಪ್ ಹುಟ್ಟುವುದು ಸುದ್ದಿಯಿಂದ. ಕಂಪನಿಯ ತ್ರೈಮಾಸಿಕ ಫಲಿತಾಂಶ, ದೊಡ್ಡ ಆರ್ಡರ್, ಸರ್ಕಾರದ ಹೊಸ ನೀತಿ, ರಾತ್ರಿ ಅಮೆರಿಕದ ಮಾರುಕಟ್ಟೆ ಏರಿದ್ದು, ಹೀಗೆ. ಫಲಿತಾಂಶಗಳು ಹೆಚ್ಚಾಗಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ನಡುವಿನಿಂದ ಶುರುವಾಗುತ್ತವೆ. ಸಂಜೆ ಅರ್ಧ ಗಂಟೆ ಷೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ ಅಥವಾ ಬಿಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಗಳ ಪ್ರಕಟಣೆ ಓದುವ ಅಭ್ಯಾಸ ಮಾಡಿ. ಟಿವಿಯ ಸಾಲು ಸಾಕಾಗುವುದಿಲ್ಲ.

ಯಾಕೆ ಹೇಳುತ್ತೇನೆ ಅಂದರೆ, 'ಲಾಭ ಶೇ. 80 ಏರಿಕೆ' ಎಂದು ಸುದ್ದಿ ಬರುತ್ತದೆ. ಫಲಿತಾಂಶದ ಪಟ್ಟಿ ತೆರೆದು ನೋಡಿದರೆ ಮಾರಾಟ ಹಾಗೇ ಇದೆ, 'ಇತರೆ ಆದಾಯ' ಎಂಬ ಸಾಲಿನಲ್ಲಿ ಜಾಗ ಮಾರಿದ ಹಣ ಬಂದು ಸೇರಿದೆ. ಅಂಥ ಷೇರು ಬೆಳಗ್ಗೆ ಹಾರಿದರೂ, ಪಟ್ಟಿ ಓದಿದ ದೊಡ್ಡ ಫಂಡಿನವರು ಅದೇ ಏರಿಕೆಯಲ್ಲಿ ಮಾರುತ್ತಾರೆ. ಕೊಳ್ಳುವವರು ನಾವು. ಮಾರಾಟವೂ ಏರಿ, ಲಾಭವೂ ಏರಿದ್ದರೆ ಮಾತ್ರ ನನ್ನ ಪಟ್ಟಿಗೆ ಹಾಕುತ್ತೇನೆ.

ಯಾವ ಸುದ್ದಿಯೂ ಇಲ್ಲದೆ ಹಾರುವ ಸಣ್ಣ ಕಂಪನಿಗಳ ಹತ್ತಿರ ಹೋಗಲೇಬೇಡಿ. ರಾತ್ರಿ ಟೆಲಿಗ್ರಾಂ ಗುಂಪಿನಲ್ಲಿ 'ನಾಳೆ ಜಾಕ್‌ಪಾಟ್' ಎಂದು ಹೆಸರು ಬರುತ್ತದೆ. ಹೇಳುವವರು ಮೊದಲೇ ಕೊಂಡಿಟ್ಟಿರುತ್ತಾರೆ. ಬೆಳಗ್ಗೆ ಸಾವಿರಾರು ಮಂದಿ ಒಟ್ಟಿಗೆ ಕೊಳ್ಳಲು ಬಂದಾಗ ಗ್ಯಾಪ್ ಅಪ್ ಆಗುತ್ತದೆ, ಅವರು ಮಾರಿ ಹೊರಡುತ್ತಾರೆ. ಸಲಹೆ ಕೊಡುವವರು ಸೆಬಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಇನ್ನು ಅವರೇ ಕಳಿಸಿದ ಲಿಂಕಿನಿಂದ ಆ್ಯಪ್ ಹಾಕಿಸಿ, ಯಾರದೋ ಖಾತೆಗೆ ಹಣ ಹಾಕಿಸಿಕೊಂಡರೆ ಅದು ವಂಚನೆಯೇ. ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹತ್ತಿರದ ಸೆನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಹೋಗಿ. ನಾಚಿಕೆಯಿಂದ ಸುಮ್ಮನಿದ್ದಷ್ಟೂ ಹಣ ದೂರ ಹೋಗುತ್ತದೆ.

9:00ರಿಂದ 9:15: ನೋಡುವ ಸಮಯ

ಒಂಬತ್ತಕ್ಕೆ ಪ್ರೀ ಓಪನ್ ಶುರು. 9:08ರವರೆಗೆ ಆರ್ಡರ್ ಹಾಕಬಹುದು, ಬದಲಿಸಬಹುದು, ತೆಗೆಯಬಹುದು. ಕೊನೆಯ ನಿಮಿಷದಲ್ಲಿ ಯಾವ ಕ್ಷಣದಲ್ಲಾದರೂ ಮುಚ್ಚುತ್ತದೆ. ಆಮೇಲೆ ಎಲ್ಲ ಆರ್ಡರ್‌ಗಳನ್ನೂ ಒಟ್ಟು ಹಾಕಿ, ಯಾವ ದರದಲ್ಲಿ ಅತಿ ಹೆಚ್ಚು ಷೇರು ಕೈ ಬದಲಿಸಬಹುದೋ ಆ ಒಂದೇ ದರ ನಿಗದಿಯಾಗುತ್ತದೆ. ಅದೇ ಆ ಷೇರಿನ ತೆರೆಯುವ ಬೆಲೆ. ಒಂಬತ್ತಕ್ಕೆ ಕಾಣುವ ದರವನ್ನು ನಂಬಬೇಡಿ. 9:03ಕ್ಕೆ ಶೇ. 8 ಮೇಲೆ ಕಂಡದ್ದು 9:08ಕ್ಕೆ ಶೇ. 3 ಆಗಿರುತ್ತದೆ. ಹಾಕಿದ ಆರ್ಡರ್ ತೆಗೆಯಲು ಬರುತ್ತದಲ್ಲ, ಅದಕ್ಕೇ.

9:10ರ ಹೊತ್ತಿಗೆ ಎನ್‌ಎಸ್‌ಇ ವೆಬ್‌ಸೈಟಿನ ಪ್ರೀ ಓಪನ್ ಪುಟದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇರುವ ಷೇರುಗಳ ಪಟ್ಟಿ ತೆರೆಯಿರಿ. ಈ ಷೇರುಗಳಲ್ಲಿ ವ್ಯವಹಾರ ಜೋರಿರುತ್ತದೆ, ಬೇಕಾದಾಗ ಹೊರಬರಬಹುದು. ಬೇರೆ ಷೇರುಗಳಿಗೆ ದಿನಕ್ಕೆ ಶೇ. 2, 5, 10 ಅಥವಾ 20ರ ಸರ್ಕ್ಯೂಟ್ ಮಿತಿ ಇರುತ್ತದೆ, ಅದನ್ನು ದಾಟಿ ದರ ಏರುವಂತಿಲ್ಲ, ಇಳಿಯುವಂತಿಲ್ಲ. ಶೇ. 5 ಮಿತಿಯ ಷೇರು ಶೇ. 4.6 ಮೇಲೆ ತೆರೆದರೆ ನಿಮಗೆ ಉಳಿದದ್ದು ಎಷ್ಟು? ಶೇ. 0.4. ಕೆಳಗೆ ಬೀಳಲು ಮಾತ್ರ ದಾರಿ ದೊಡ್ಡದಿದೆ. ಟ್ರೇಡ್ ಟು ಟ್ರೇಡ್ ಗುಂಪಿನ ಷೇರುಗಳಲ್ಲಂತೂ ಇಂಟ್ರಾಡೇ ಮಾಡಲು ಬರುವುದೇ ಇಲ್ಲ.

ಪಟ್ಟಿಯಿಂದ ಎರಡು, ಹೆಚ್ಚೆಂದರೆ ಮೂರು ಷೇರು ಆರಿಸಿ. ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ. ಈ ಷೇರು ದಿನಕ್ಕೆ ಸಾಮಾನ್ಯವಾಗಿ ಎಷ್ಟು ರೂಪಾಯಿ ಓಡಾಡುತ್ತದೆ? ನಮ್ಮ 412ರ ಷೇರು ದಿನಕ್ಕೆ ಸರಾಸರಿ 12 ರೂಪಾಯಿ ಓಡಾಡುವುದಾದರೆ, 15 ರೂಪಾಯಿ ಗ್ಯಾಪ್ ಅಂದರೆ ಒಂದು ದಿನದ ಓಟ ಮುಗಿದು ಇನ್ನೂ ಸ್ವಲ್ಪ. ಇದನ್ನು ಗಮನಿಸಬಹುದು. ಗ್ಯಾಪ್ 35 ರೂಪಾಯಿ ಆಗಿದ್ದರೆ ಬಿಟ್ಟುಬಿಡುತ್ತೇನೆ. ಮೂರು ದಿನದ ದಣಿವನ್ನು ಒಂದೇ ಸಲ ಹೊತ್ತ ಷೇರು ಅದು. ಹತ್ತು ದಿನದಿಂದ ಏರುತ್ತಲೇ ಬಂದು ಈಗ ಮತ್ತೆ ಹಾರಿದ್ದರೂ ಬೇಡ. ಎಷ್ಟೋ ದಿನ ಒಂದೇ ಮಟ್ಟದಲ್ಲಿ ಸುತ್ತಾಡಿ, ಇವತ್ತು ಆ ಮಟ್ಟ ದಾಟಿ ತೆರೆದ ಷೇರು ನನಗೆ ಬಹಳ ಇಷ್ಟ.

ಇಡೀ ಮಾರುಕಟ್ಟೆಯೇ ಹಾರಿದ ದಿನ ಇನ್ನೂ ಎಚ್ಚರ ಬೇಕು. 2024ರ ಜೂನ್ 3 ನೆನಪಿದೆಯಾ? ಮತಗಟ್ಟೆ ಸಮೀಕ್ಷೆ ನೋಡಿದ ಹುರುಪಿನಲ್ಲಿ ಷೇರು ಸೂಚ್ಯಂಕ ನಿಫ್ಟಿ 800 ಅಂಶಕ್ಕೂ ಮೇಲೆ ಹಾರಿ ತೆರೆಯಿತು. ತೆರೆದ ಮಟ್ಟವೇ ಹತ್ತಿರ ಹತ್ತಿರ ಆ ದಿನದ ಗರಿಷ್ಠ. ದಿನದ ಕೊನೆಗೆ ನಿಫ್ಟಿ ಶೇ. 3ಕ್ಕೂ ಮೇಲೆ ಏರಿ ಮುಗಿಯಿತು, ಸಂಜೆ ಟಿವಿಯಲ್ಲೆಲ್ಲ ಸಂಭ್ರಮ. ಆದರೆ 9:15ಕ್ಕೆ ಕೊಂಡವರಿಗೆ ಸಿಕ್ಕಿದ್ದೇನು? ಮರುದಿನ ಮತ ಎಣಿಕೆ. ನಿಫ್ಟಿ ಸುಮಾರು ಶೇ. 6 ಬಿತ್ತು.

9:15ರಿಂದ 9:30: ಕೈ ಕಟ್ಟಿ ಕೂರುವ ಸಮಯ

ಮಣಿಪಾಲದಲ್ಲಿ ಓದುವ ಹುಡುಗನೊಬ್ಬ ನನ್ನ ಜೆರಾಕ್ಸ್ ಅಂಗಡಿಗೆ ಬರುತ್ತಾನೆ. "ಎಂತ ಸರ್, ಹದಿನೈದು ನಿಮಿಷ ಕಾದ್ರೆ ಓಡುದೆಲ್ಲ ಓಡಿ ಆಗ್ತದಲ್ಲ?" ಅಂದ. ಕೆಲವು ಸಲ ಆಗುತ್ತದೆ, ನಿಜ. ಅಂಥ ಷೇರುಗಳು ಕೈ ತಪ್ಪುತ್ತವೆ. ಆದರೆ ಆ ಹದಿನೈದು ನಿಮಿಷದಲ್ಲಿ ನಿನ್ನೆ ಕೊಂಡವರು ಲಾಭ ತೆಗೆಯುತ್ತಿರುತ್ತಾರೆ, ಸುದ್ದಿ ಕೇಳಿ ಓಡಿ ಬಂದವರು ಕೊಳ್ಳುತ್ತಿರುತ್ತಾರೆ. ಯಾರ ಕೈ ಮೇಲಾಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾಗುವವರೆಗೆ ಕಾಯುವುದಕ್ಕೆ ನಾವು ಕೊಡುವ ಬೆಲೆ, ತಪ್ಪಿಹೋದ ಕೆಲವು ಓಟಗಳು. ನನಗೆ ಅದು ಅಗ್ಗವೇ.

ಈ ಸಮಯದಲ್ಲಿ ಐದು ನಿಮಿಷದ ಚಾರ್ಟ್ ತೆರೆದಿಟ್ಟು ಮೂರು ಸಂಖ್ಯೆ ಬರೆದುಕೊಳ್ಳಿ: ಹದಿನೈದು ನಿಮಿಷದ ಗರಿಷ್ಠ, ಕನಿಷ್ಠ, ಮತ್ತು ವಿವ್ಯಾಪ್ (VWAP). ವಿವ್ಯಾಪ್ ಅಂದರೆ ಇವತ್ತು ಇಲ್ಲಿಯವರೆಗೆ ಕೈ ಬದಲಿಸಿದ ಆ ಕಂಪನಿಯ ಎಲ್ಲ ಷೇರುಗಳ ಸರಾಸರಿ ದರ. ಚಾರ್ಟಿನಲ್ಲಿ ಒಂದು ಗೆರೆಯಾಗಿ ಬರುತ್ತದೆ. ಬೆಲೆ ಆ ಗೆರೆಯ ಮೇಲಿದ್ದರೆ ಇವತ್ತು ಕೊಂಡವರು ಒಟ್ಟಾರೆ ಲಾಭದಲ್ಲಿದ್ದಾರೆ, ಅವರಿಗೆ ಮಾರುವ ಅವಸರ ಇಲ್ಲ. ಕೆಳಗಿದ್ದರೆ ಅವರೆಲ್ಲ ಸಂಕಟದಲ್ಲಿದ್ದಾರೆ, ಸ್ವಲ್ಪ ಮೇಲೆ ಬಂದರೂ ಮಾರಿ ತಪ್ಪಿಸಿಕೊಳ್ಳಲು ನೋಡುತ್ತಾರೆ.

ಜೊತೆಗೆ ವಾಲ್ಯೂಮ್, ಅಂದರೆ ಎಷ್ಟು ಷೇರು ಕೈ ಬದಲಿಸಿತು ಎಂಬುದನ್ನು ನೋಡಿ. ಇವತ್ತಿನ ಮೊದಲ ಹದಿನೈದು ನಿಮಿಷವನ್ನು ಹಿಂದಿನ ನಾಲ್ಕೈದು ದಿನಗಳ ಮೊದಲ ಹದಿನೈದು ನಿಮಿಷದ ಜೊತೆ ಹೋಲಿಸಬೇಕು, ಇಡೀ ದಿನದ ಜೊತೆ ಅಲ್ಲ. ಮೂರು ನಾಲ್ಕು ಪಟ್ಟು ಇದ್ದರೆ ದೊಡ್ಡವರು ಬಂದಿದ್ದಾರೆ ಎಂದು ಅರ್ಥ.

9:30ರ ಮೇಲೆ: ಕೊಳ್ಳುವುದು

ನಮ್ಮ ಷೇರು 427ಕ್ಕೆ ತೆರೆಯಿತು. ಮೊದಲ ಹದಿನೈದು ನಿಮಿಷದಲ್ಲಿ ಗರಿಷ್ಠ 431.50, ಕನಿಷ್ಠ 424.20. ವಿವ್ಯಾಪ್ 428. ಈಗ 431.50 ದಾಟಿ, ಐದು ನಿಮಿಷದ ಒಂದು ಕ್ಯಾಂಡಲ್ (ಚಾರ್ಟಿನಲ್ಲಿ ಐದು ನಿಮಿಷದ ಓಡಾಟ ತೋರಿಸುವ ಕಡ್ಡಿ) ಅದರ ಮೇಲೆಯೇ ಮುಗಿದರೆ, 432ಕ್ಕೆ ಲಿಮಿಟ್ ಆರ್ಡರ್, ಅಂದರೆ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ ಎಂಬ ಆರ್ಡರ್, ಹಾಕಿ. ಮಾರ್ಕೆಟ್ ಆರ್ಡರ್ ಬೇಡ. ಸ್ಟಾಪ್‌ಲಾಸ್ 424. ಷೇರಿಗೆ 8 ರೂಪಾಯಿ ಅಪಾಯ. ನಮ್ಮ ಮಿತಿ 800. ಹಾಗಾದರೆ 100 ಷೇರು, ಅಷ್ಟೇ. ಎಷ್ಟು ಷೇರು ಎಂಬುದನ್ನು ಆಸೆ ಹೇಳಬಾರದು, ಈ ಭಾಗಾಕಾರ ಹೇಳಬೇಕು.

ಇನ್ನೊಂದು ದಾರಿಯೂ ಇದೆ, ನನಗೆ ಈಗೀಗ ಇದೇ ಜಾಸ್ತಿ ಹಿಡಿಸುತ್ತಿದೆ. ಷೇರು ಮೇಲೆ ಹೋಗಿ, ಮೆಲ್ಲಗೆ ವಿವ್ಯಾಪ್ ಗೆರೆಯ ಹತ್ತಿರ ಇಳಿದು, ಅಲ್ಲಿ ವಾಲ್ಯೂಮ್ ಕಡಿಮೆಯಾಗಿ, ಮತ್ತೆ ತಲೆ ಎತ್ತಿದಾಗ ಕೊಳ್ಳುವುದು. ಸ್ಟಾಪ್‌ಲಾಸ್ ಹತ್ತಿರವೇ ಸಿಗುತ್ತದೆ. ಆದರೆ ಇಳಿಯುವಾಗ ವಾಲ್ಯೂಮ್ ಏರುತ್ತಿದ್ದರೆ ಕೈ ಹಾಕಬೇಡಿ. ಅದು ವಿಶ್ರಾಂತಿ ಅಲ್ಲ, ಮಾರಾಟ.

ಷೇರು 424.20ರ ಕೆಳಗೆ ಹೋದರೆ ಅದು ಗ್ಯಾಪ್ ತುಂಬಲು, ಅಂದರೆ ನಿನ್ನೆಯ 412ರ ಕಡೆಗೆ ಹೊರಟಿರಬಹುದು. ಆಗ ಮೊದಲೇ ಮಾರಿ ಆಮೇಲೆ ಕೊಳ್ಳುವ ಶಾರ್ಟ್ ಮಾಡಬಹುದು ಎನ್ನುತ್ತಾರೆ. ಹೊಸಬರಿಗೆ ನಾನು ಬೇಡ ಎನ್ನುತ್ತೇನೆ. ಮಾರಿದ ಷೇರು ಅಪ್ಪರ್ ಸರ್ಕ್ಯೂಟಿಗೆ ಹೋಗಿ ಕೂತರೆ ವಾಪಸ್ ಕೊಳ್ಳಲು ಒಂದು ಷೇರೂ ಸಿಗುವುದಿಲ್ಲ. ವಿಷಯ ಹರಾಜಿಗೆ ಹೋಗುತ್ತದೆ, ಆ ದರ, ಆ ದಂಡ ನಮ್ಮ ಕೈಯಲ್ಲಿರುವುದಿಲ್ಲ.

ಸ್ಟಾಪ್‌ಲಾಸ್ ಮನಸ್ಸಿನಲ್ಲಿ ಅಲ್ಲ, ಆರ್ಡರಿನಲ್ಲಿ

ಕೊಂಡ ತಕ್ಷಣ, ಚಹಾ ಲೋಟ ಕೈಗೆತ್ತಿಕೊಳ್ಳುವ ಮೊದಲು, ಸ್ಟಾಪ್‌ಲಾಸ್ ಆರ್ಡರ್ ಹಾಕಬೇಕು. ಟ್ರಿಗರ್ (ಆರ್ಡರ್ ಜಾರಿಗೆ ಬರುವ ದರ) 424, ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ದರ) 423. ಎರಡರ ನಡುವೆ ಸ್ವಲ್ಪ ಜಾಗ ಬಿಡಿ. ಎರಡನ್ನೂ ಒಂದೇ ದರಕ್ಕೆ ಹಾಕಿದರೆ ಬೆಲೆ ರಭಸದಲ್ಲಿ ದಾಟಿಹೋಗಿ, ಆರ್ಡರ್ ಮೇಲೆಯೇ ಉಳಿದುಬಿಡುತ್ತದೆ.

ನಮ್ಮ ಊರಿನವರಿಗೆ ಇದು ಇನ್ನೂ ಮುಖ್ಯ. ಜುಲೈ ಫಲಿತಾಂಶದ ಸಮಯ, ನಮ್ಮಲ್ಲಿ ಹೊಯ್ಯುವ ಮಳೆ. ಒಂದು ದಿನ 9:40ಕ್ಕೆ ಕೊಂಡು, ಸ್ಟಾಪ್‌ಲಾಸ್ ಹಾಕಿ ಕೂತಿದ್ದೆ. 9:52ಕ್ಕೆ ಗಾಳಿ ಎದ್ದಿತು. ಹಿತ್ತಿಲ ತೆಂಗಿನ ಮಡಲೊಂದು ತಂತಿ ಮೇಲೆ ಬಿದ್ದ ಸದ್ದು ಕೇಳಿತು, ಕರೆಂಟ್ ಹೋಯಿತು, ಮೋಡೆಮ್ ಆರಿತು. ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲ. ಕೊಡೆ ಹಿಡಿದು ಮುಖ್ಯ ರಸ್ತೆಯವರೆಗೆ ನಡೆದೆ. 10:25ಕ್ಕೆ ನೆಟ್‌ವರ್ಕ್ ಬಂದು ಆ್ಯಪ್ ತೆರೆದಾಗ ಷೇರು ನಾನು ಕೊಂಡಲ್ಲಿಂದ 30 ರೂಪಾಯಿ ಕೆಳಗಿತ್ತು. ನನ್ನ 100 ಷೇರು ಮಾತ್ರ 780 ರೂಪಾಯಿ ನಷ್ಟದಲ್ಲಿ ಆಗಲೇ ಮಾರಿಹೋಗಿತ್ತು. ಆರ್ಡರ್ ವಿನಿಮಯ ಕೇಂದ್ರದಲ್ಲಿ ಕೂತಿತ್ತು, ಅದಕ್ಕೆ ಕಟಪಾಡಿಯ ಕರೆಂಟ್ ಬೇಕಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಿದ್ದರೆ 3,000 ಹೋಗುತ್ತಿತ್ತು.

ಅವತ್ತಿನಿಂದ ಮೋಡೆಮಿಗೆ ಸಣ್ಣ ಯುಪಿಎಸ್ ಇದೆ, ಫೋನಿನಲ್ಲಿ ಬೇರೆ ಕಂಪನಿಯ ಎರಡನೇ ಸಿಮ್ ಇದೆ. ಫೋನಿನಲ್ಲೇ ಆರ್ಡರ್ ಕೊಡುವ ಬ್ರೋಕರ್ ನಂಬರ್ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಹೊರಗೆ ಬರುವುದು

432ಕ್ಕೆ ಕೊಂಡದ್ದು 444 ಮುಟ್ಟಿದರೆ ಅರ್ಧ ಮಾರಿ. ಅಪಾಯ 8 ಇತ್ತು, ಸಿಕ್ಕಿದ್ದು 12. ಉಳಿದ 50ಕ್ಕೆ ಸ್ಟಾಪ್‌ಲಾಸನ್ನು 432ಕ್ಕೆ ಎತ್ತಿ, ಪ್ರಮಾಣವನ್ನೂ 50ಕ್ಕೆ ಬದಲಿಸಿ. ಇದನ್ನು ಮರೆತು 100ಕ್ಕೇ ಬಿಟ್ಟರೆ ಇಲ್ಲದ ಷೇರನ್ನೂ ಮಾರಿಬಿಡುತ್ತೀರಿ. ಆಮೇಲೆ ಷೇರು ಏರಿದಂತೆ ಸ್ಟಾಪ್‌ಲಾಸನ್ನೂ ಏರಿಸುತ್ತ ಹೋಗಿ. ಅದನ್ನು ಕೆಳಗೆ ಇಳಿಸುವುದು ಮಾತ್ರ ಯಾವತ್ತೂ ಇಲ್ಲ.

11 ಗಂಟೆಯವರೆಗೂ ಅತ್ತಿತ್ತ ಹೋಗದೆ ಕೂತರೆ ನಾನು ಮಾರಿ ಅಂಗಡಿಗೆ ಹೊರಡುತ್ತೇನೆ. ಗ್ಯಾಪಿನ ಬಿಸಿ ಅಷ್ಟರಲ್ಲಿ ಆರಿರುತ್ತದೆ. ಇಡೀ ದಿನ ನೋಡಬಲ್ಲವರು 3 ಗಂಟೆಯೊಳಗೆ ತಾವೇ ಮುಗಿಸಿಕೊಳ್ಳಿ. 3:15–3:20ರ ಹೊತ್ತಿಗೆ ಬ್ರೋಕರ್ ವ್ಯವಸ್ಥೆ ತಾನೇ ಮಾರುತ್ತದೆ, ಕೆಲವರು ಅದಕ್ಕೆ ಬೇರೆ ಶುಲ್ಕವನ್ನೂ ಹಾಕುತ್ತಾರೆ. ನಷ್ಟದ ಇಂಟ್ರಾಡೇಯನ್ನು ಡೆಲಿವರಿಗೆ (ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳುವುದಕ್ಕೆ) ಬದಲಿಸಿ ಮನೆಗೆ ತರಬೇಡಿ.

ಖರ್ಚು ಎಷ್ಟು? ಉಳಿದ 50 ಷೇರು 440.50ಕ್ಕೆ ಹೋಯಿತು ಎನ್ನಿ. ಲಾಭ 600 ಮತ್ತು 425, ಒಟ್ಟು 1,025. ಬ್ರೋಕರೇಜ್ ಹಲವು ಕಡೆ ಆರ್ಡರಿಗೆ 20 ರೂಪಾಯಿ ಅಥವಾ ಶೇ. 0.03, ಯಾವುದು ಕಡಿಮೆಯೋ ಅದು. ಮಾರಿದ ಮೊತ್ತದ ಮೇಲೆ ಶೇ. 0.025 ಷೇರು ವ್ಯವಹಾರ ತೆರಿಗೆ, ಅಂದರೆ ಎಸ್‌ಟಿಟಿ, ಕೊಂಡದ್ದಕ್ಕೆ ಶೇ. 0.003 ಸ್ಟಾಂಪ್ ಶುಲ್ಕ, ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ. ಎಲ್ಲ ಸೇರಿ 50ರ ಹತ್ತಿರ. ನಷ್ಟವಾದ ದಿನವೂ ಹೆಚ್ಚುಕಡಿಮೆ ಇಷ್ಟೇ ಕೊಡಬೇಕು. ದಿನಕ್ಕೆ ಹತ್ತು ಸಲ ಮಾಡಿದರೆ 500.

ತೆರಿಗೆಯಲ್ಲಿ ಇಂಟ್ರಾಡೇ ಲಾಭ ಸಟ್ಟಾ ವ್ಯಾಪಾರದ ಆದಾಯ. ನಿಮ್ಮ ಉಳಿದ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಬೇಕು. ನಷ್ಟವಾದರೆ ಸಂಬಳದಿಂದಾಗಲಿ ಬೇರೆ ವ್ಯಾಪಾರದಿಂದಾಗಲಿ ಕಳೆಯಲು ಬರುವುದಿಲ್ಲ, ಇದೇ ರೀತಿಯ ಲಾಭದಿಂದ ಮಾತ್ರ. ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಸಮಯಕ್ಕೆ ಸರಿಯಾಗಿ ಸಲ್ಲಿಸಿದ್ದರೆ.

ಪುಸ್ತಕ

ಹಣ ಹಾಕುವ ಮೊದಲು 30 ಗ್ಯಾಪ್‌ಗಳನ್ನು ಸುಮ್ನೆ ಪುಸ್ತಕದಲ್ಲಿ ಬರೆಯಿರಿ. 100 ಪುಟದ ಗೆರೆ ಪುಸ್ತಕ ಸಾಕು. ನಿನ್ನೆಯ ಮುಕ್ತಾಯ, ತೆರೆದ ಬೆಲೆ, ಸುದ್ದಿ, ಮೊದಲ ಹದಿನೈದು ನಿಮಿಷದ ಗರಿಷ್ಠ, ಕನಿಷ್ಠ, ಆಮೇಲೆ ಏನಾಯಿತು. ಒಂದು ತಿಂಗಳು ಬೇಕಾಗುತ್ತದೆ. ಹಣ ಹಾಕಿ ಶುರು ಮಾಡಿದ ಮೇಲೂ ಬರೆಯುವುದನ್ನು ಬಿಡಬೇಡಿ. ನಿಯಮ ಪಾಲಿಸಿದೆನೋ ಇಲ್ಲವೋ ಎಂಬ ಸಾಲನ್ನೂ ಸೇರಿಸಿ. ಮಳೆಯ ಆ ದಿನದ ನನ್ನ ಪುಟದಲ್ಲಿ ಹೀಗಿದೆ: "ಸುದ್ದಿ ಒಳ್ಳೆಯದು. ವಾಲ್ಯೂಮ್ ಎರಡು ಪಟ್ಟು ಮಾತ್ರ, ಮೂರು ಇರಲಿಲ್ಲ. ಆದರೂ ಕೊಂಡೆ. ನಷ್ಟ 780. ಸ್ಟಾಪ್‌ಲಾಸ್ ಹಾಕಿದ್ದೆ. ನಾಳೆ ಯುಪಿಎಸ್ ತರಬೇಕು."